ಒಂದೇ ಸಾಲೆಯಲ್ಲಿ ಜಾಣ ಹುಡುಗ

ಇಂದಿನ ಮುಧೋಳವು ಪೂರ್ವದಲ್ಲಿ ಮುದುವೊಳಲೆಂದು ಹೆಸರಾಗಿದ್ದಿತು. ಅಲ್ಲಿಯ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ಹುಟ್ಟೂರನ್ನು ಬಿಟ್ಟು ತೆಂಕಣ ಗಂಗನಾಡಿಗೆ ನಡೆದನು. ಅಜಿತಸೇನಾಚಾರ್ಯರ ಶಿಷ್ಯನಾಗಿ ಚಾವುಂಡರಾಯನ ಆಶ್ರಯವನ್ನು ಪಡೆದನು. ಪ್ರತಿಭೆಯುಳ್ಳ ಬಾಲಕನು ಊರನ್ನು ಬಿಟ್ಟೇ ತೀರಬೇಕೆ? ಊರ ಸಾಲೆಯಲ್ಲಿಯೇ, ಇತರ ಮಕ್ಕಳ ನಡುವೆಯೇ, ಅವನನ್ನು ಬೆಳೆಯಿಸಲು ಉಪಾಯವಿಲ್ಲವೆ? ಇದನ್ನು ನಾವು ಕೊಂಚ ವಿಚಾರಿಸೋಣ.

ಹಿಂದಿನ ಐಗಳ ಸಾಲೆಗಳಲ್ಲಿ ಇದಕ್ಕೊಂದು ಉತ್ತರವಿದ್ದಿತು. ಮರಳಿನ ಮೇಲೆ ಬೆರಳಾಡಿಸುವ ಶಿಶುವೂ ಕಾವ್ಯವನ್ನೋದುವ ದೊಡ್ಡ ಹುಡುಗನೂ ಒಂದೇ ಜಗಲಿಯವರು. ಮುಂದೆ ಹೋದವನು ಹಿಂದುಳಿದವನಿಗೆ ಕಲಿಸಬೇಕು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ರಲ್ಲಿ ತನ್ನ ಜಿಲ್ಲೆಯ 533 ಸಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವನ್ನೊಪ್ಪಿಸುತ್ತ, ಈ ಪದ್ಧತಿಯಿಂದ ಕಲಿಸುವವನ ತಿಳಿವಳಿಕೆಯೂ ಗಟ್ಟಿಗೊಳ್ಳುವುದೆಂದೂ ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಯುಕ್ತವೇ ಎಂದೂ ಮೆಚ್ಚಿ ಬರೆದನು. ಮದರಾಸಿನ ಅನಾಥಾಲಯದಲ್ಲಿ ಇಂತಹ ಕ್ರಮವನ್ನು ನಡೆಯಿಸಿದ ಆಂಡ್ರೂ ಬೆಲ್ಲನು ಅದರ ವೃತ್ತಾಂತವನ್ನು 1797ರಲ್ಲಿಯೇ ಲಂಡನ್ನಿನಲ್ಲಿ ಅಚ್ಚುಹಾಕಿಸಿದ್ದನು. ಆದರೆ ಅರ್ಥವರಿಯದ ಗಿಳಿಪಾಠವನ್ನು ಕ್ಯಾಂಬೆಲ್ಲನು ಅದೇ ವರದಿಯಲ್ಲಿ ಆಕ್ಷೇಪಿಸಿರುವನು. ನಮಗೂ ಅದು ಸರಿಯೆಂದೇ ತೋರುತ್ತದೆ. ಐಗಳು ಬಲ್ಲುದೆಲ್ಲ ಮುಗಿದ ಮೇಲೆ ಜಾಣ ಹುಡುಗನ ಪಾಡೇನು? ಅವನು ಸಂಬಳವಿಲ್ಲದ ಉಪಾಧ್ಯಾಯನಾಗಿ ಉಳಿಯುವನು, ಅಷ್ಟೆ.

ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರಿಗೆ ರನ್ನನ ಪ್ರಯಾಸವಿರಲಿಲ್ಲ. ಊರಲ್ಲಿಯೇ ಪರಶುರಾಮಭಾವು ಹೈಸ್ಕೂಲು ಇದ್ದಿತು. 1902ರಲ್ಲಿ ಮ್ಯಾಟ್ರಿಕ್ಯುಲೇಶನ್ ಮುಗಿಸುವವರೆಗೂ ಅವರು ನೆರೆಹೊರೆಯ ಹುಡುಗರ ಜೊತೆಯಲ್ಲಿಯೇ ಓದಿ, ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿಗೆ ತೆರಳಿದರು. ಉಪನಿಷತ್ತುಗಳ ಮೇಲಣ ಅವರ ಮಹಾಗ್ರಂಥವು 1926ರಲ್ಲಿ ಹೊರಬಿದ್ದಿತು.

ಆದರೆ ಪರೀಕ್ಷೆಯ ಅಂಕಗಳು ಎಲ್ಲ ಜಾಣರನ್ನೂ ತೋರಿಸಿಕೊಡುವುದಿಲ್ಲ. ಪ್ಯಾರಿಸ್ಸಿನ ಬಿನೆಯು 1905ರಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸುವುದಕ್ಕೆಂದು ರಚಿಸಿದ ಪ್ರಶ್ನೆಗಳು ಕ್ರಮೇಣ ಮುಂದುವರಿದವರನ್ನು ಅರಸುವುದಕ್ಕೂ ಒದಗಿದವು. ಅವನ್ನು ಡಾ. ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು; ಆ ವಿಷಯದ ಅವರ ಪುಸ್ತಕವು 1940ರಲ್ಲಿ ಪ್ರಕಟವಾಯಿತು. ಬರಿಯ ಭಾಷಾಂತರವು ಇಲ್ಲಿ ಸಾಲದು. ಪ್ಯಾರಿಸ್ಸಿನ ಬಾಲಕನಿಗೆ ಸುಲಭವಾದ ಪ್ರಶ್ನೆ ಬೀಳಗಿಯ ಬಾಲಕನಿಗೆ ಒಗಟಾಗಬಹುದು. ಅವನಿಗೆ ನೀರು ಕುಡಿದಷ್ಟು ಸುಲಭವಾದುದು ಇವನನ್ನು ಕಂಗೆಡಿಸಬಹುದು.

ಇಷ್ಟಾದರೂ ಅಳತೆಗೆ ಸಿಕ್ಕುವವನು ಸಾಲೆಗೆ ಬಂದ ಹುಡುಗನೇ. ರಬಕವಿ ಬನಹಟ್ಟಿಗಳಂತಹ ನೇಕಾರರ ಊರುಗಳಲ್ಲಿ ಮಗ್ಗದ ಬಳಿ ಕುಳಿತು ನೂಲು ಸುತ್ತುವ ಮಗುವಿನ ಬುದ್ಧಿಯನ್ನು ಯಾರು ಅಳೆಯಬೇಕು? ಬಳ್ಳಾರಿಯ ಸಾಲೆಗಳು ಕುಂದುತ್ತಿರುವುದಕ್ಕೆ ಕ್ಯಾಂಬೆಲ್ಲನು ಕೊಟ್ಟ ಕಾರಣವೂ ಇದೇ ಆಗಿದ್ದಿತು. ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಗಳಿಕೆ ಇಳಿಯಿತು. ಎಳೆಯ ಕೈಗಳಿಗೆ ತುಸು ಶಕ್ತಿ ಬಂದೊಡನೆಯೇ ತಂದೆತಾಯಿಗಳಿಗೆ ಅವುಗಳ ದುಡಿಮೆ ಬೇಕಾಯಿತು.