ಇಟಗಿಯ ಸೀಮೆಯ ಮರಗೆಲಸವೂ ಕಸಬಿನ ಶಿಕ್ಷಣವೂ

ಇಟಗಿಯ ಮಹಾದೇವ ದೇವಾಲಯವು ಕಲಾಭಿಮಾನಿಗಳಿಗೆ ಅಪರಿಚಿತವಾದುದಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ. ಶ. 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನಾವು ಈ ಹೊತ್ತು ಅದರ ಶಿಖರವನ್ನಾಗಲಿ ವಿಗ್ರಹಗಳನ್ನಾಗಲಿ ವರ್ಣಿಸಹೊರಟವರಲ್ಲ. ಮಂಟಪದ ಕಂಬಗಳ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕೆಂದು ಶ್ರೋತೃಗಳನ್ನು ಬೇಡುತ್ತೇವೆ. ಚಾಲುಕ್ಯ ಶಿಲ್ಪಿಗಳು ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡು, ತಿರುಗಣಿಯ ಮೇಲೆ ಕಡೆದಂತೆ ನುಣುಪಾದ ಬಳೆಗಳನ್ನೂ ಗಂಟೆಯಾಕಾರವನ್ನೂ ಅದರಲ್ಲಿ ಮೂಡಿಸಿದರು. ಕಡೆಯುವುದು ಮರಗೆಲಸದವನ ವಿದ್ಯೆ. ಅದೇ ವಿದ್ಯೆಯು ಕಲ್ಲಿಗೆ ಬಂದಿತೆಂದು ಊಹಿಸುವುದು ಅಸಂಗತವಾಗಲಾರದು.

ಕಲ್ಲು ಉಳಿಯಿತು. ಮರದ ವಿದ್ಯೆಯನ್ನು ಕಾಣಬೇಕಾದರೆ ಅದೇ ಸೀಮೆಯ ಕಿನ್ನಾಳಕ್ಕೆ ಹೋಗಬೇಕು. ಅಲ್ಲಿಯ ಚಿತ್ರಗಾರರ ಪೂರ್ವಿಕರು ವಿಜಯನಗರದ ಆಶ್ರಯದಲ್ಲಿದ್ದವರೆಂದೂ, ಹಂಪೆಯ ವಿರೂಪಾಕ್ಷನ ಗುಡಿಯ ವರ್ಣಚಿತ್ರಗಳು ಅವರದೇ ಕೈಕೆಲಸವೆಂದೂ ಪ್ರತೀತಿಯುಂಟು. ಅವರು ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಮರದ ಹೊಟ್ಟು ಮತ್ತು ಹುಣಿಸೆಯ ಅಂಟಿನಿಂದ ಕೂಡಿಸುವರು. ಗೋಣಿಯ ಚಿಂದಿಯನ್ನು ನೆನೆಯಿಸಿ, ಕೊಚ್ಚಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಸರಿಯೊಡನೆ ಕಲಸಿದರೆ ‘ಕಿಟ್ಟ’ವಾಗುವುದು. ಬೊಂಬೆಗೆ ಕಿಟ್ಟವನ್ನು ಕೈಯಿಂದಲೇ ಸವರಿ, ಮೇಲೆ ಅರಳೆಯ ತುಣುಕುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟ ಬಳಿಕವೇ ಬಣ್ಣ. ಗರುಡನ ಕೊರಳ ಹಾರವು ಉಬ್ಬಿ ಕಾಣುವುದು ಈ ಲೇಪದಿಂದಲೇ ಹೊರತು ಉಳಿಯಿಂದಲ್ಲ. ಇಷ್ಟನ್ನೂ ಮಗನು ತಂದೆಯ ಪಕ್ಕದಲ್ಲಿ ಕುಳಿತು ಕಲಿಯತಕ್ಕದ್ದು. ಕೊಡುಗೈಯ ಅರಸರೂ ದೇಸಾಯರೂ ಮರೆಯಾದ ಮೇಲೆ ಒಂದು ಮನೆಯು ಕಸಬನ್ನು ಬಿಟ್ಟಿತೆಂದರೆ ಒಂದು ಪಾಠಶಾಲೆಯೇ ಮುಚ್ಚಿದಂತೆ.

ಈ ಸಂಕಟವು ನಮಗೊಬ್ಬರಿಗೇ ಬಂದುದಲ್ಲ. ಯೂರೋಪಿನಲ್ಲಿಯೂ ಬಡಗಿಯ ವಿದ್ಯೆಯು ಬಹುಕಾಲ ಕಸಬುದಾರರ ಶ್ರೇಣಿಗಳ ವಶದಲ್ಲಿತ್ತು. ಫ್ರಾನ್ಸಿನಲ್ಲಿ 1791ರಲ್ಲಿ ಆ ಶ್ರೇಣಿಗಳು ರದ್ದಾದವು. ಮುಂದೆ ಯಂತ್ರಗಳು ಬಂದವು. ಆವಿಯಲ್ಲಿ ಮರವನ್ನು ಬಾಗಿಸಿ ಮೈಕೇಲ್ ಥೋನೆಟನು 1859ರಲ್ಲಿ ಹೊರತಂದ ಕುರ್ಚಿಯು ಕಾರ್ಖಾನೆಯ ಸರಕಾಗಿ ಲೋಕವನ್ನೆಲ್ಲ ಸುತ್ತಿತು. ಆಗ ಉತ್ತರದ ಸಣ್ಣ ದೇಶಗಳು ಮಾಡಿದ ಉಪಾಯವು ಗಮನಾರ್ಹವಾದುದು. ಫಿನ್ಲೆಂಡಿನಲ್ಲಿ ಊನೋ ಸಿಗ್ನೇಯುಸನ ಪ್ರಯತ್ನದಿಂದ 1866ರಲ್ಲಿ ಕೈಗೆಲಸವು ಪ್ರಾಥಮಿಕ ಶಾಲೆಯ ಪಾಠವಾಯಿತು. ಸ್ವೀಡನಿನಲ್ಲಿ ಆಟೋ ಸಾಲೊಮನನು 1870ರ ದಶಕದಲ್ಲಿ ನೇಸ್ ಎಂಬಲ್ಲಿ ಇದಕ್ಕಾಗಿಯೇ ಉಪಾಧ್ಯಾಯರ ತರಬೇತಿಶಾಲೆಯನ್ನು ನಡೆಸಿದನು. ಸುಲಭದಿಂದ ಕಠಿನಕ್ಕೆ ಏರುವ ಕ್ರಮದಲ್ಲಿ, ಮನೆಗೆ ಉಪಯೋಗವಾಗುವ ವಸ್ತುವನ್ನೇ ಹುಡುಗನು ಮಾಡಬೇಕು ಎಂಬುದು ಅಲ್ಲಿಯ ಪದ್ಧತಿ. ಅವನು ಮೊದಲು ಹಿಡಿಯುವುದು ಚಾಕು.

ನಮ್ಮಲ್ಲಿ ಮೈಸೂರು ಸಂಸ್ಥಾನವು ಈ ಮಾತನ್ನು ಬೇಗನೆ ಗ್ರಹಿಸಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಸ್ತಿಭಾರವಾಯಿತು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹುಟ್ಟಿತು. ಆದರೆ ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ಆಗ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ರೋಸ್‌ವುಡ್ಡಿನ ಕುಂದಣಕ್ಕೆ ಮೈಸೂರಿನಲ್ಲಿ ದೊರೆತ ಆಶ್ರಯವು ಕಿನ್ನಾಳದ ಕಿಟ್ಟಕ್ಕೆ ದೊರೆಯದೆ ಹೋದುದಕ್ಕೆ ಈ ಗಡಿಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಗಡಿಯು 1956ರಲ್ಲಿ ಅಳಿಯಿತು.

ಈಗಿನ ಮಾತು ಬೇರೆ. ಇಟಗಿಗೆ ಸಮೀಪದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕೈಗಾರಿಕಾ ಪ್ರದೇಶಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮರುವರ್ಷ ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ ಹೊಸ ಯಂತ್ರಗಳು ಬಂದವು. ಇದು ಸಂತೋಷದ ವಿಷಯವೇ. ಆದರೆ ಪ್ಲಾಸ್ಟಿಕ್ಕಿನ ಅಚ್ಚನ್ನು ನಡೆಯಿಸಲು ಕಲಿತವನಿಗೂ ಮರದ ಎಳೆಯನ್ನು ಅರಿತವನಿಗೂ ಅಂತರವುಂಟು. ಮರವನ್ನು ಹದಮಾಡುವುದು, ನಕ್ಷೆ ಬರೆಯುವುದು, ವೆಚ್ಚ ಲೆಕ್ಕಹಾಕುವುದು—ಇವನ್ನು ಸಂಸ್ಥೆಯು ಚಿತ್ರಗಾರನ ಮಗನಿಗೂ ಮಗಳಿಗೂ ಕಲಿಸಬಲ್ಲುದು. ಕಿಟ್ಟದ ಹದವನ್ನು ಮಾತ್ರ ಚಿತ್ರಗಾರನೇ ಬಂದು ಹೇಳಿಕೊಡಬೇಕು. ಅವನ ಕೈಯಲ್ಲಿ ಪ್ರಮಾಣಪತ್ರವಿಲ್ಲವೆಂಬ ಕಾರಣದಿಂದ ಅವನನ್ನು ಬಾಗಿಲ ಹೊರಗೆ ನಿಲ್ಲಿಸದೆ, ಸಂಬಳ ಕೊಟ್ಟು ಅಧ್ಯಾಪಕನ ಪೀಠದಲ್ಲಿ ಕುಳ್ಳಿರಿಸುವ ನಿಯಮವೊಂದು ಮೊದಲು ಆಗತಕ್ಕದ್ದು.