ನಾಸ್ ಕಣಿವೆಯ ನ್ಯಾಯ: ನಿಸ್ಗಾ ಜನರು ಮತ್ತು ನೆಲದ ಒಪ್ಪಂದ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಹರಿಯುವ ನಾಸ್ ನದಿಯ ಕಣಿವೆ ನಿಸ್ಗಾ ಜನರ ನೆಲೆ. ವಸಾಹತು ಆಡಳಿತ ಅಲ್ಲಿಗೆ ಕಾಲಿಡುವ ಬಹುಕಾಲ ಮೊದಲೇ ‘ಅಯೂಕ್’ ಎಂಬ ಅಲಿಖಿತ ನ್ಯಾಯಪದ್ಧತಿ ವಾರಸು, ಮದುವೆ, ವ್ಯಾಪಾರ, ತಪ್ಪಿಗೆ ಪರಿಹಾರ ಮುಂತಾದ ಎಲ್ಲ ವ್ಯವಹಾರಗಳನ್ನೂ ನಡೆಸುತ್ತಿತ್ತು. ಅದರ ಪ್ರಕಾರ ನೆಲದ ಒಡೆತನ ‘ವಿಲ್ಪ್’ ಎಂಬ ಮನೆತನಕ್ಕೆ ಸೇರಿದ್ದು. ತಾಯಿಯ ಕಡೆಯಿಂದ ಸಾಗುವ ಈ ಮನೆತನದ ಮುಖ್ಯಸ್ಥ ತೀರಿಕೊಂಡಾಗ ಅವನ ಹೆಸರು, ಆ ಹೆಸರಿನೊಂದಿಗೇ ಬರುವ ಮೀನಿನ ತಾಣ ಮತ್ತು ಬೇಟೆಯ ಕಾಡು ಸಾಮಾನ್ಯವಾಗಿ ಸೋದರಳಿಯನ ಪಾಲಾಗುತ್ತಿದ್ದವು.

ಈ ಹಸ್ತಾಂತರ ಔತಣಕೂಟದಲ್ಲಿ ನಡೆಯಬೇಕಿತ್ತು. ಬೇರೆ ಕುಲಗಳ ಮುಖ್ಯಸ್ಥರನ್ನು ಕರೆದು, ‘ಅದಾವಕ್’ ಎಂಬ ಮನೆತನದ ಮೌಖಿಕ ಚರಿತ್ರೆಯನ್ನು ಅವರೆದುರು ಹೇಳಿ, ಉಂಡವರಿಗೆ ಉಡುಗೊರೆ ಕೊಟ್ಟಾಗ, ಅದನ್ನು ಸ್ವೀಕರಿಸಿದವರು ಆ ಹಕ್ಕಿಗೆ ಸಾಕ್ಷಿಗಳಾಗುತ್ತಿದ್ದರು. ಮನೆತನದ ಲಾಂಛನಗಳನ್ನು ಕೆತ್ತಿ ನಿಲ್ಲಿಸಿದ ದೇವದಾರು ಜಾತಿಯ ಮರದ ಕಂಬಗಳೂ ಅದೇ ಚರಿತ್ರೆಯನ್ನು ಸಾರುತ್ತಿದ್ದವು. 1929ರಲ್ಲಿ ಮಾರಿಯಸ್ ಬಾರ್ಬೋ ಎಂಬ ಜನಾಂಗ ಅಧ್ಯಯನಕಾರ ಕಣಿವೆಯಿಂದ ಸಾಗಿಸಿ ಎಡಿನ್‌ಬರೋದ ವಸ್ತುಸಂಗ್ರಹಾಲಯಕ್ಕೆ ಮಾರಿದ, ಸುಮಾರು 11 ಮೀಟರ್ ಎತ್ತರದ ಅಂಥದೊಂದು ಕಂಬ 2023ರಲ್ಲಿ ಹಿಂತಿರುಗಿತು; ನಿಸ್ಗಾ ಜನರಿಗೆ ಅದು ಒಂದು ಮನೆತನದ ದಾಖಲೆಪತ್ರ. ಆದ್ದರಿಂದ 1884ರಲ್ಲಿ ಕೆನಡಾ ಸರ್ಕಾರ ಇಂಥ ಔತಣಗಳನ್ನು ಕಾನೂನಿನಿಂದ ನಿಷೇಧಿಸಿದಾಗ ಒಂದು ಜನಾಂಗದ ನ್ಯಾಯಾಲಯವನ್ನೂ ನೋಂದಣಿ ಕಚೇರಿಯನ್ನೂ ಒಟ್ಟಿಗೇ ಮುಚ್ಚಿದಂತಾಯಿತು.

1887ರಲ್ಲಿ ನೆಲದ ಪ್ರಶ್ನೆಯೆತ್ತಿ ರಾಜಧಾನಿ ವಿಕ್ಟೋರಿಯಾಕ್ಕೆ ಹೋದ ಮುಖ್ಯಸ್ಥರನ್ನು ಪ್ರಾಂತ್ಯದ ಪ್ರಧಾನಿ ವಿಲಿಯಂ ಸ್ಮಿತ್ ಬರಿಗೈಯಲ್ಲಿ ಕಳುಹಿಸಿದರು. 1913ರಲ್ಲಿ ಅರ್ಜಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಕೆನಡಾದ ಕಾನೂನಿಗೆ 1927ರಲ್ಲಿ ತಂದ ತಿದ್ದುಪಡಿಯಂತೂ ನೆಲದ ದಾವೆಗಾಗಿ ಅನುಮತಿಯಿಲ್ಲದೆ ಹಣ ಕೂಡಿಸುವುದನ್ನೇ ಅಪರಾಧವಾಗಿಸಿತು. ಅದೂ ಔತಣದ ನಿಷೇಧವೂ ತೊಲಗಿದ್ದು 1951ರಲ್ಲಿ. ನಿಸ್ಗಾ ನಾಯಕ ಫ್ರಾಂಕ್ ಕಾಲ್ಡರ್ ಮುಂದಾಳತ್ವದ ನೆಲದ ಮೊಕದ್ದಮೆಯಲ್ಲಿ 1973ರ ಸುಪ್ರೀಂ ಕೋರ್ಟ್ ತೀರ್ಪು ವಿಚಿತ್ರವಾಗಿತ್ತು: ಏಳು ನ್ಯಾಯಾಧೀಶರಲ್ಲಿ ಆರು ಮಂದಿ ಮೂಲನಿವಾಸಿಗಳ ಹಕ್ಕು ಇತ್ತೆಂದು ಒಪ್ಪಿದರೂ ಅದು ಅಳಿದಿದೆಯೇ ಎಂಬುದರಲ್ಲಿ ಸಮನಾಗಿ ಒಡೆದರು; ಏಳನೆಯವರು ದಾವೆಯನ್ನು ಪ್ರಕ್ರಿಯೆಯ ಕಾರಣಕ್ಕೆ ತಳ್ಳಿಹಾಕಿದರು. ನಿಸ್ಗಾ ಜನರು ಸೋತರು, ಆದರೆ ಅದೇ ವರ್ಷ ಸರ್ಕಾರ ಮಾತುಕತೆಯ ನೀತಿಯನ್ನು ಪ್ರಕಟಿಸಿತು.

2000ದ ಮೇ 11ರಂದು ಜಾರಿಗೆ ಬಂದ ಒಪ್ಪಂದ ಸುಮಾರು 2,000 ಚದರ ಕಿಲೋಮೀಟರ್ ನೆಲವನ್ನೂ 19 ಕೋಟಿ ಡಾಲರುಗಳನ್ನೂ ಸ್ವಯಮಾಡಳಿತವನ್ನೂ ಕೊಟ್ಟಿತು. ಅವರು ಕೇಳಿದ್ದ ನೆಲದ ಹತ್ತರಲ್ಲೊಂದು ಪಾಲೂ ಅದಲ್ಲ. ನೆಲ ನಷ್ಟಕ್ಕಿಂತ ಗಂಭೀರವಾದ ಬದಲಾವಣೆ ಒಡೆತನದ ಸ್ವರೂಪದಲ್ಲಾಯಿತು. ವಿಲ್ಪ್‌ಗಳ ಕೈಯಲ್ಲಿದ್ದ ನೆಲ ಇಡೀ ನಿಸ್ಗಾ ರಾಷ್ಟ್ರದ ಹೆಸರಿಗೆ ಬಂತು. ಹಂಚಿ ಉಣ್ಣುವ ‘ಎಲ್ಲರ ಬಟ್ಟಲು’ ಎಂಬ ತಮ್ಮದೇ ತತ್ತ್ವವನ್ನು ಮುಂದಿಟ್ಟು ಹಿರಿಯರು ಇದಕ್ಕೆ ಒಪ್ಪಿದ್ದರಿಂದ ಇದನ್ನು ಬರಿಯ ಹೇರಿಕೆ ಎನ್ನಲಾಗದು. ಆದರೂ ಸರ್ಕಾರದ ಕಾನೂನಿಗೆ ಹೊಂದಿಕೊಳ್ಳಲು ಅಯೂಕ್ ತೆತ್ತ ಬೆಲೆಯಂತೂ ಹೌದು. ನಾಸ್ ಮೇಲ್ಕಣಿವೆ ತಮ್ಮದೆಂದ ನೆರೆಯ ಗಿಟನ್ಯಾವ್ ಜನರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು, ಏಕೆಂದರೆ ನೆರೆಯವರನ್ನೇ ಸಾಕ್ಷಿಗಳಾಗಿ ಕೂರಿಸುತ್ತಿದ್ದ ಔತಣದ ಜಾಗದಲ್ಲಿ ಈಗ ನಿಸ್ಗಾ, ಪ್ರಾಂತ್ಯ ಮತ್ತು ಕೇಂದ್ರ ಎಂಬ ಮೂರೇ ಪಕ್ಷಗಳ ಮಾತುಕತೆಯಿತ್ತು.