ಸಾಲದ ಸಂಸಾರ: ಕೋವಿಡ್ ಕಾಲದ ಕರ್ನಾಟಕದ ಖಜಾನೆ

2021ರ ಮಾರ್ಚ್ 8, ಮಹಿಳಾ ದಿನ. ಅಂದೇ ಮುಖ್ಯಮಂತ್ರಿ ಯಡಿಯೂರಪ್ಪನವರು ಬಜೆಟ್ ಮಂಡಿಸಿದರು. ಪುಣೆಯ ಮನೆಯಲ್ಲಿ ಆಫೀಸಿನ ಕಾಲ್ ಮ್ಯೂಟ್ ಮಾಡಿಕೊಂಡು ಕೇಳುತ್ತಿದ್ದೆ. ಮಹಿಳೆಯರಿಗೆ ಸಿಕ್ಕಿದ್ದೇನು ಎಂಬುದು ಸುದ್ದಿಯಾಯಿತು. ನನ್ನನ್ನು ಕಾಡಿದ್ದು ಬೇರೊಂದು ಅಂಕಿ: ಸುಮಾರು 15 ಸಾವಿರ ಕೋಟಿ ರೂಪಾಯಿಯ ರಾಜಸ್ವ ಕೊರತೆ.

ಮನೆ ಕಟ್ಟಲು ಸಾಲ ಮಾಡುವುದು ಬೇರೆ, ಅಕ್ಕಿ ಬೇಳೆಗೆ ಸಾಲ ಮಾಡುವುದು ಬೇರೆ. ರಾಜಸ್ವ ಕೊರತೆ ಎರಡನೆಯ ಬಗೆಯದು. ಇದರಲ್ಲಿ ಕರ್ನಾಟಕ ಬಲು ಶಿಸ್ತಿನ ರಾಜ್ಯ. 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. 2004-05ರಿಂದ ಕೋವಿಡ್ ಬರುವವರೆಗೂ ದಿನನಿತ್ಯದ ಖರ್ಚು ಕಳೆದು ಒಂದಿಷ್ಟು ಉಳಿಸುತ್ತಲೇ ಬಂದಿತ್ತು.

ಲಾಕ್‌ಡೌನ್ ಆದಾಗ ಆದಾಯ ಕುಸಿಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿ ಏರಿಸಬಹುದಾದ ತೆರಿಗೆಗಳು ಕೆಲವೇ: ಮದ್ಯ, ಪೆಟ್ರೋಲ್, ಡೀಸೆಲ್, ನೋಂದಣಿ, ವಾಹನ. 2020ರ ಮೇ 4ರಂದು, ದೇವಸ್ಥಾನಗಳಿಗಿಂತ ಮೊದಲೇ ಮದ್ಯದಂಗಡಿಗಳ ಬಾಗಿಲು ತೆರೆದದ್ದಕ್ಕೆ ಕಾರಣ ಇಲ್ಲಿದೆ. ಆಗ ನಾವೆಲ್ಲ ವಾಟ್ಸಾಪ್‌ನಲ್ಲಿ ನಕ್ಕಿದ್ದೇ ನಕ್ಕಿದ್ದು!

ಜಿಎಸ್‌ಟಿಯಲ್ಲಿ ರಾಜ್ಯದ ಆದಾಯ ವರ್ಷಕ್ಕೆ ಶೇ. 14ರಷ್ಟು ಬೆಳೆಯದಿದ್ದರೆ ಐದು ವರ್ಷ ಪರಿಹಾರ ಕೊಡುವುದಾಗಿ ಕಾನೂನೇ ಹೇಳಿತ್ತು. ಆದರೆ 2020ರ ಆಗಸ್ಟ್‌ನ ಮಂಡಳಿ ಸಭೆಯಲ್ಲಿ ಕೇಂದ್ರ, ನೀವೇ ಸಾಲ ಮಾಡಿ ಎಂದಿತು. ಹಲವು ರಾಜ್ಯಗಳು ಪ್ರತಿಭಟಿಸಿದವು. ಅಕ್ಟೋಬರ್‌ನಲ್ಲಿ ಕೇಂದ್ರವೇ 1.10 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ ರಾಜ್ಯಗಳಿಗೆ ಹಂಚಲು ಒಪ್ಪಿತು. 2022ರ ಜೂನ್‌ಗೆ ಮುಗಿಯಬೇಕಿದ್ದ ಪರಿಹಾರ ಸೆಸ್ 2026ರ ಮಾರ್ಚ್‌ವರೆಗೆ ಹಿಗ್ಗಿದ್ದು ಇಂಥ ಸಾಲ ತೀರಿಸಲೆಂದೇ. ಜೊತೆಗೆ ಕರ್ನಾಟಕ ತನ್ನ ಕಾಯ್ದೆಯನ್ನೇ ತಿದ್ದಿ, ಸಾಲದ ಮಿತಿಯನ್ನು ರಾಜ್ಯದ ಉತ್ಪನ್ನದ ಶೇ. 3ರಿಂದ 5ಕ್ಕೆ ಏರಿಸಿಕೊಂಡಿತು. ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸಲಾಗದ ಕಾಲದಲ್ಲಿ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಕತ್ತರಿ ಎಲ್ಲಿ ಬಿತ್ತು ಎಂಬುದು ಮಾತ್ರ ಬೇರೆ ಮಾತು. ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆಯನ್ನು 2006ರಲ್ಲಿ ಹಣಕಾಸು ಸಚಿವರಾಗಿದ್ದಾಗ ತಂದವರು ಇದೇ ಯಡಿಯೂರಪ್ಪನವರು. ಮೊದಲು ಅದು ಬಂದದ್ದು ಬಡ ಹೆಣ್ಣುಮಕ್ಕಳಿಗೆ. ಕೋವಿಡ್‌ನಲ್ಲಿ ಅದು ನಿಂತಿತು. ಶಾಲೆಗಳು ತೆರೆದವು, ಸೈಕಲ್ ಬರಲಿಲ್ಲ. 2023ರ ಫೆಬ್ರವರಿಯ ಬಜೆಟ್ ಮತ್ತೆ 402 ಕೋಟಿ ರೂಪಾಯಿ ರಾಜಸ್ವ ಉಳಿಕೆಯ ಅಂದಾಜು ತೋರಿಸಿತು. ಆ ವರ್ಷವೂ ಎಂಟನೇ ತರಗತಿಯ ಹುಡುಗಿಯರು ಶಾಲೆಗೆ ನಡೆದೇ ಹೋದರು.